ಹೆಚ್ಚಾದ ಅಕ್ಕಿ

ವಾರಕ್ಕೆ ಎರಡು ಸಲವಾದರೂ ನಾನು ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಿಬರುತ್ತೇನೆ. ಹೋಗಲು ಸುಮಾರು 55 ಕಿಲೋಮೀಟರು, ಬರಲು ಅಷ್ಟೇ, ನಡುದಾರಿಯಲ್ಲಿ ಮಸ್ಕಿ. ಸಿಂಧನೂರಿನಲ್ಲಿ ನಮ್ಮ ಅಕ್ಕಿ ಗಿರಣಿ ಇದೆ, ಲಿಂಗಸುಗೂರಿನಲ್ಲಿ ಸಗಟು ಅಂಗಡಿ ಇದೆ, ಮಸ್ಕಿಯಲ್ಲಿ ವಸೂಲಾಗಬೇಕಾದ ಬಾಕಿ ಇದೆ. ಇಪ್ಪತ್ತಾರು ವರ್ಷದಿಂದ ಇದೇ ದಾರಿ. ಮೊದಲು ಬಸ್ಸಿನಲ್ಲಿ ಓಡಾಡಿದೆ, ಆಮೇಲೆ ಹಳೆಯ ಜೀಪಿನಲ್ಲಿ, ಈಗ ಹನ್ನೊಂದು ವರ್ಷದ ಡೀಸೆಲ್ ಗಾಡಿಯಲ್ಲಿ. ಆ ಗಾಡಿಗೆ ವಯಸ್ಸಾಗಿದೆ. ಹೊಸದು ಬೇಕು ಎಂಬುದಕ್ಕೆ ಮನೆಯಲ್ಲಿ ಯಾರದೂ ತಕರಾರಿಲ್ಲ. ಯಾವುದು ಎಂಬಲ್ಲಿಗೆ ಬಂದಾಗ ನನ್ನ ಮನಸ್ಸು ನಿಂತುಬಿಟ್ಟಿತು. ನಿಂತದ್ದು ಏಕೆ ಎಂದು ತಿಳಿದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಕಳೆದ ದಸರೆಯಲ್ಲಿ ನಮ್ಮಿಬ್ಬರನ್ನೂ ಒಂದು ಶೋರೂಮಿಗೆ ಕರೆದೊಯ್ದಳು. ಅಲ್ಲಿದ್ದದ್ದು ಬಿವೈಡಿ ಸೀಲ್ ಎಂಬ ಎಲೆಕ್ಟ್ರಿಕ್ ಸೆಡಾನ್. 2024ರ ಮಾರ್ಚ್‌ನಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ 41 ಲಕ್ಷದಿಂದ 53 ಲಕ್ಷದವರೆಗೆ ಇತ್ತು. ಮಗಳು ತೋರಿಸಿದ ನಡುವಿನ ಮಾದರಿಗೆ ಆಗ 45 ಲಕ್ಷದ 55 ಸಾವಿರ ಇತ್ತು. ಬ್ಯಾಟರಿ 82.56 ಯೂನಿಟ್ ಹಿಡಿಯುತ್ತದೆ. ಒಮ್ಮೆ ತುಂಬಿದರೆ 650 ಕಿಲೋಮೀಟರು ಎಂಬುದು ಕಂಪನಿಯ ಮಾತು. ನಮ್ಮ ಬಿಸಿಲಿಗೆ, ಏಸಿಗೆ ಕಾಲುಭಾಗ ಕಳೆದರೂ ಸಿಂಧನೂರಿನಿಂದ ಹೊರಟು ಬೆಂಗಳೂರು ಮುಟ್ಟಬಹುದು. ಓಡಿಸಿ ನೋಡಿದೆ. ನಾನು ಕಾಲಿಡುವ ಮೊದಲೇ ಅದಕ್ಕೆ ತಿಳಿದಂತೆ ಮುಂದೆ ಹೋಯಿತು. ಸಪ್ಪಳವಿಲ್ಲ, ನಡುಕವಿಲ್ಲ. ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ ಒರಗಿ ಕಣ್ಣು ಮುಚ್ಚಿದ್ದಳು. ಒಂಬತ್ತು ವರ್ಷದಿಂದ ಆಕೆಗೆ ದಮ್ಮು. ಚೀಲದಲ್ಲಿ ಇನ್‌ಹೇಲರ್ ಇಲ್ಲದೆ ಮನೆಯ ಹೊಸ್ತಿಲು ದಾಟುವುದಿಲ್ಲ.

"ಇದರಾಗ ಕುಂತ್ರ ಉಸಿರು ಹಗುರ ಆಗ್ತೈತ್ರಿ" ಅಂದಳು.

ಮಗಳು ಅದನ್ನೇ ಹಿಡಿದುಕೊಂಡಳು: "ಅಪ್ಪಾ, ಇಷ್ಟು ವರ್ಷ ದುಡಿದೀಯಿ. ಇದು ಹೊಗಿ ಬಿಡಂಗಿಲ್ಲ, ಸಪ್ಪಳ ಮಾಡಂಗಿಲ್ಲ. ಇದರಾಗ ಪಾಪ ಏನೂ ಇಲ್ಲ."

ಊರಿಗೆ ಬಂದ ಮೇಲೆ ಖಾತೆ ಪುಸ್ತಕದ ಒಂದು ಖಾಲಿ ಪುಟದಲ್ಲಿ ಗೆರೆ ಎಳೆದು ಎಡಕ್ಕೆ ಜಮಾ, ಬಲಕ್ಕೆ ಖರ್ಚು ಬರೆದೆ. ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಯೋಚಿಸಲು ಗೊತ್ತಿರುವ ದಾರಿ ಅದೊಂದೇ. ಲಿಂಗಸುಗೂರಿಗೆ ಹೋಗಿಬರಲು ನನ್ನ ಗಾಡಿ ಸುಮಾರು ಎಂಟು ಲೀಟರ್ ಡೀಸೆಲ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿಯ ಆಸುಪಾಸು ಹಿಡಿದರೆ 720 ರೂಪಾಯಿ. ಅದೇ ದಾರಿಗೆ ಈ ಕಾರಿಗೆ ಇಪ್ಪತ್ತು ಯೂನಿಟ್ ಸಾಕು, ಮನೆಯ ದರದಲ್ಲಿ ನೂರೈವತ್ತರ ಒಳಗೆ. ಆಯಿಲ್ ಬದಲಿಸುವ ಖರ್ಚಿಲ್ಲ, ಕ್ಲಚ್ ಸವೆಯುವ ಚಿಂತೆಯಿಲ್ಲ. ಬ್ಯಾಟರಿ ಕಬ್ಬಿಣ ಮತ್ತು ಫಾಸ್ಫೇಟಿನ ಜಾತಿಯದು; ಅದರಲ್ಲಿ ಕೋಬಾಲ್ಟ್ ಇಲ್ಲ, ನಿಕಲ್ ಇಲ್ಲ, ಬಿಸಿಲನ್ನೂ ಚೆನ್ನಾಗಿ ತಾಳುತ್ತದೆಯಂತೆ. ಇವೆಲ್ಲ ಎಡಗಡೆ ಕೂತವು. ಬಲಗಡೆಗೆ ಬಂದರೆ, ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವೆ ಒಂದು ಗೇಣೂ ಇಲ್ಲ. ನಮ್ಮ ಹಳ್ಳಿಗಳ ರಸ್ತೆ ಉಬ್ಬುಗಳನ್ನು ನೋಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಎಪ್ಪತ್ತು ಕಿಲೋ ತೂಗುವ ನನ್ನನ್ನು ಹೊರಲು ಎರಡು ಟನ್ ಹತ್ತಿರದ ಗಾಡಿ. ವರ್ಷಕ್ಕೆ ನೂರು ಸಲ ಓಡಾಡಿದರೆ ಉಳಿಯುವುದು 57 ಸಾವಿರ. ಹದಿನೈದು ಇಪ್ಪತ್ತು ಲಕ್ಷದಲ್ಲಿ ಒಳ್ಳೆಯ ಕಾರು ಸಿಗುವಾಗ ಅದರ ಮೇಲೆ ಹಾಕುವ ಇಪ್ಪತ್ತೈದು ಲಕ್ಷ ಈ ಉಳಿತಾಯದಿಂದ ನನ್ನ ಜೀವಮಾನದಲ್ಲಿ ತೀರುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಬಲಗಡೆ ಬರೆದೆ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಇಂಥ ಗಾಡಿಗಳಿಗೆ ರಸ್ತೆ ತೆರಿಗೆ ಮಾಫಿ ಇತ್ತು. 2024ರಲ್ಲಿ 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ಎಲೆಕ್ಟ್ರಿಕ್ ಕಾರುಗಳಿಗೆ ಶೇಕಡ 10ರಷ್ಟು ಜೀವಿತಾವಧಿ ತೆರಿಗೆ ಹಾಕಿದರು. ತೆರಿಗೆಯ ಮೊತ್ತಕ್ಕಿಂತ ಆ ಗೆರೆ ನನ್ನನ್ನು ಹಿಡಿದು ನಿಲ್ಲಿಸಿತು. ಗೆರೆಯ ಈಚೆಗೆ ಇದ್ದರೆ ಹೊಗೆ ಬಿಡದ್ದಕ್ಕೆ ಮೆಚ್ಚುಗೆ. ಆಚೆಗೆ ಹೋದರೆ ಮೆಚ್ಚುಗೆ ಇಲ್ಲ, ಅದು ಬರೀ ಸಿರಿವಂತಿಕೆ. ಸರ್ಕಾರ ಹಣ ಬೇಕಾಗಿ ಎಳೆದ ಗೆರೆ ಇರಬಹುದು. ಆದರೆ ನನಗೆ ಅದು ಹಳೆಯ ಗೆರೆಯೊಂದನ್ನು ನೆನಪಿಸಿತು. ಅದನ್ನು ಎಳೆದಾಕೆ ಲಿಂಗಸುಗೂರು ತಾಲ್ಲೂಕಿನ ಹೆಣ್ಣುಮಗಳು.

ಇದೇ ಬೆಲೆಯ ಡೀಸೆಲ್ ಕಾರನ್ನು ಯಾರಾದರೂ ತೋರಿಸಿದ್ದರೆ ನನಗೆ ಈ ಪೇಚಾಟವೇ ಇರುತ್ತಿರಲಿಲ್ಲ. ಅದು ಡೌಲು, ನಮಗೆ ಬೇಡ ಎಂದು ಎದ್ದು ಬರುತ್ತಿದ್ದೆ. ಈ ಕಾರು ಹಾಗಲ್ಲ. ಇದು ಸುಖದ ಜತೆಗೆ ಪುಣ್ಯವನ್ನೂ ಕಟ್ಟಿಕೊಡುತ್ತೇನೆ ಅನ್ನುತ್ತದೆ. ಇದರಾಗ ಪಾಪ ಏನೂ ಇಲ್ಲ ಎಂದ ಮಗಳ ಮಾತು ಹಾಗಾಗಿ ಎದೆಗೆ ನಾಟಿತು. ವಸ್ತು ಶುದ್ಧವಾಗಿದ್ದರೆ ಅದು ಹೆಚ್ಚಾದರೂ ತಪ್ಪಿಲ್ಲವೇ? ಇದೇ ಪ್ರಶ್ನೆಯನ್ನು ಆ ಹಳೆಯ ಗೆರೆ ಎಳೆದ ನಮ್ಮ ಲಕ್ಕಮ್ಮ ತನ್ನ ಗಂಡನ ಮುಂದೆ ಇಟ್ಟಿದ್ದಳು.

ಲಿಂಗಸುಗೂರಿನ ಹತ್ತಿರದ ಗುಡಗುಂಟಿ ಅಮರೇಶ್ವರವನ್ನು ಈ ಭಾಗದವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಅಮರೇಶ್ವರನ ಆ ನೆಲದಿಂದ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದವರು ಮಾರಯ್ಯ ಮತ್ತು ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದಕ್ಕೇ ಗಂಡಹೆಂಡತಿ ಇಬ್ಬರ ಹೆಸರಿಗೂ ಆಯ್ದಕ್ಕಿ ಸೇರಿಕೊಂಡಿತು. ಆ ಅಕ್ಕಿಯಲ್ಲೇ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದ ಎಂದು ಕಥೆ ಹೇಳುತ್ತದೆ. ಲಕ್ಕಮ್ಮ ಆ ಗಂಟನ್ನು ನೋಡಿದವಳೇ, ಇಷ್ಟು ನಮಗೆ ಸಲ್ಲುವುದಲ್ಲ, ಒಯ್ದು ಅಲ್ಲೇ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು.

ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ನಮ್ಮ ಅವ್ವ ಹೇಳುತ್ತಿದ್ದಳು, ಶ್ರಾವಣದ ಪ್ರವಚನಗಳಲ್ಲಿ ಸ್ವಾಮಿಗಳು ಹೇಳುತ್ತಿದ್ದರು. ಎಲ್ಲರೂ ಅದನ್ನು ಆಸೆ ಕೆಟ್ಟದ್ದು ಎಂಬ ಪಾಠವಾಗಿ ಹೇಳಿದರು. ಆದರೆ ಕಾರಿನ ಗೊಂದಲದಲ್ಲಿ ಅದನ್ನು ಮತ್ತೆ ನೆನೆದಾಗ ಬೇರೊಂದು ಕಂಡಿತು. ಆ ಅಕ್ಕಿಯಲ್ಲಿ ಪಾಪ ಏನೂ ಇರಲಿಲ್ಲ. ಕದ್ದದ್ದಲ್ಲ, ಬೇಡಿದ್ದಲ್ಲ, ಬೆವರು ಸುರಿಸಿ ಆಯ್ದದ್ದು. ತಾವು ಉಂಡು ತೇಗಲಿಕ್ಕೂ ಅಲ್ಲ. ಮನೆಗೆ ಬಂದ ಜಂಗಮರ ಹೊಟ್ಟೆಗೆ ಹೋಗುವಂಥದ್ದು. ಗಳಿಕೆ ಶುದ್ಧ, ಉದ್ದೇಶವೂ ಶುದ್ಧ. ಹಾಗಿದ್ದೂ ಲಕ್ಕಮ್ಮ ಬೇಡವೆಂದಳು. ಆಕೆ ಕೇಳಿದ್ದು ಎಷ್ಟು ಎಂದು ಮಾತ್ರ. ನಾವು ವ್ಯಾಪಾರಸ್ಥರು ಸಾಮಾನ್ಯವಾಗಿ ಎರಡು ಸಮಾಧಾನ ಹೇಳಿಕೊಳ್ಳುತ್ತೇವೆ: ನ್ಯಾಯವಾಗಿ ದುಡಿದದ್ದು, ಅದರಲ್ಲೇ ನಾಲ್ಕು ಜನಕ್ಕೆ ದಾನ ಮಾಡುತ್ತೇವೆ. ಎಂಟುನೂರು ವರ್ಷದ ಹಿಂದೆಯೇ ಆಕೆ ಎರಡನ್ನೂ ಒಂದೇ ಮಾತಿನಲ್ಲಿ ಪಕ್ಕಕ್ಕಿಟ್ಟಿದ್ದಾಳೆ. ಇದು ನನಗೆ ಸುಲಭದಲ್ಲಿ ಜೀರ್ಣವಾಗಲಿಲ್ಲ. ಹಲವು ರಾತ್ರಿ ನಿದ್ದೆ ಬರಲಿಲ್ಲ.

ಕಾರು ನಿಜವಾಗಿಯೂ ಶುದ್ಧವೇ ಎಂಬುದನ್ನು ಮೊದಲು ನೋಡಬೇಕಿತ್ತು. ನನ್ನ ಮನೆಯ ದೀಪಕ್ಕೆ ಬರುವ ಕರೆಂಟಿನ ಮಾತು ಬಂದರೆ ರಾಯಚೂರು ಜಿಲ್ಲೆಯವರ ಕಣ್ಣಮುಂದೆ ಬರುವುದು ಶಕ್ತಿನಗರ. 1985ರಲ್ಲಿ ಅಲ್ಲಿ ಮೊದಲ ಘಟಕ ಶುರುವಾಯಿತು. ಈಗ ಎಂಟು ಘಟಕ, 1,720 ಮೆಗಾವ್ಯಾಟ್. ಯರಮರಸಿನಲ್ಲಿ ಇನ್ನೂ 1,600. ಕೃಷ್ಣಾ ನದಿಯ ದಂಡೆಯ ಆ ಚಿಮಣಿಗಳನ್ನು ನೋಡುತ್ತಲೇ ನಾವು ದೊಡ್ಡವರಾದೆವು. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟು ಹುಟ್ಟಲು ಮುಕ್ಕಾಲು ಕಿಲೋ ಹತ್ತಿರ ಕಲ್ಲಿದ್ದಲು ಬೇಕು. ಹಾಗಾದರೆ ನಾನು ಒಂದು ಸಲ ಲಿಂಗಸುಗೂರಿಗೆ ಹೋಗಿಬಂದರೆ ಹದಿನಾಲ್ಕು ಹದಿನೈದು ಕಿಲೋ, ಅಂದರೆ ಮೂರು ವರ್ಷದ ಕೂಸಿನಷ್ಟು ತೂಕದ ಕಲ್ಲಿದ್ದಲು ಎಲ್ಲೋ ಸುಡುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿ. ಅದನ್ನು ಉಸಿರಾಡುವವರು ಬೇರೆ ಊರಿನವರು. ಹೊಗೆ ನನ್ನ ಗಾಡಿಯ ಹಿಂದಿನಿಂದ ಹೊರಡುವುದಿಲ್ಲ, ಅಷ್ಟೇ.

ನ್ಯಾಯವಾಗಿ ಹೇಳಬೇಕಾದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಬರೀ ಕಲ್ಲಿದ್ದಲಿನ ಕರೆಂಟಾದರೂ ಇಂಗಾಲದ ಲೆಕ್ಕದಲ್ಲಿ ಈ ಕಾರು ನನ್ನ ಡೀಸೆಲ್ ಗಾಡಿಗಿಂತ ಕೆಟ್ಟದ್ದಲ್ಲ. ಒಂದು ಲೀಟರ್ ಡೀಸೆಲ್ ಸುಟ್ಟರೆ ಎರಡೂಮುಕ್ಕಾಲು ಕಿಲೋ ಹತ್ತಿರ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನಮ್ಮ ರಾಜ್ಯದಲ್ಲಿ ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ, ಗದಗ ಚಿತ್ರದುರ್ಗದ ಕಡೆ ಗಾಳಿಯಂತ್ರಗಳಿವೆ, ಶರಾವತಿ ಇದೆ. ಇವೆಲ್ಲ ಬೆರೆತ ಕರೆಂಟಿನಲ್ಲಿ ಓಡಿದರೆ ಈ ಗಾಡಿಯ ಪಾಲಿನ ಹೊಗೆ ಇನ್ನೂ ಕಡಿಮೆ. ಗಿರಣಿಯ ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿದರೆ ಪೂರ್ತಿ ಶುದ್ಧವಾಗುತ್ತದೆ ಎಂದು ಮಗಳು ಹೇಳಿದಳು. ಹಾಕಿಸಬಹುದು. ಆದರೆ ಹಗಲು ಸೂರ್ಯ ಇರುವಾಗ ಗಾಡಿ ಮಸ್ಕಿಯ ದಾರಿಯಲ್ಲಿರುತ್ತದೆ. ಮನೆಗೆ ಬಂದು ತಂತಿ ಸಿಕ್ಕಿಸುವ ಹೊತ್ತಿಗೆ ರಾತ್ರಿ ಒಂಬತ್ತು.

ಹೀಗೆ ಯೋಚಿಸುತ್ತಿದ್ದ ದಿನಗಳಲ್ಲೇ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿ ಬೆಚ್ಚಿಬಿದ್ದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಸುತ್ತಲಿನ ಕಲ್ಲಿನಲ್ಲಿ ಭೂವಿಜ್ಞಾನಿಗಳಿಗೆ ಲಿಥಿಯಂ ಸಿಕ್ಕಿದೆ. ಕಾರಿನ ಬ್ಯಾಟರಿಯ ಜೀವಾಳ ಅದೇ ಲಿಥಿಯಂ. ಲಕ್ಕಮ್ಮನ ಊರಿನ ಹೊಟ್ಟೆಯೊಳಗೆ!

ನಮ್ಮ ನೆಲಕ್ಕೆ ಅಗೆತ ಹೊಸದಲ್ಲ. ಅದೇ ತಾಲ್ಲೂಕಿನ ಹಟ್ಟಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ ಒಡೆದು ಚಿನ್ನ ತೆಗೆದ ಗುರುತುಗಳಿವೆ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಕಂಪನಿ ಆಯಿತು, ಆಮೇಲೆ ಹಟ್ಟಿ ಚಿನ್ನದ ಗಣಿ. ಒಂದು ಟನ್ ಅದುರು ಅರೆದರೆ ಸಿಗುವುದು ಕೆಲವೇ ಗ್ರಾಂ. ಉಳಿದದ್ದು ಗುಡ್ಡವಾಗಿ ನಿಂತಿರುವುದನ್ನು ಹಟ್ಟಿಗೆ ಹೋದವರೆಲ್ಲ ನೋಡಿದ್ದಾರೆ. ಅಮರೇಶ್ವರದಲ್ಲೂ ನಾಳೆ ಹಾಗೆ ಗುಡ್ಡ ಏಳಬಹುದು. ಅದು ತಪ್ಪು ಎಂದು ನಾನು ಹೇಳಲಾರೆ. ನಮ್ಮ ಹುಡುಗರಿಗೆ ಕೆಲಸ ಸಿಗುತ್ತದೆ. ಆದರೆ ಅಗೆಯುವುದಾದರೆ ಯಾವುದಕ್ಕೆ, ಎಷ್ಟಕ್ಕೆ ಎಂಬ ಮಾತು ಬಂದೇ ಬರುತ್ತದೆ. ಆ ಸೆಡಾನಿನ ಬ್ಯಾಟರಿಗೆ ಬೇಕಾಗುವ ಲಿಥಿಯಂ ಸುಮಾರು ಎಂಟು ಕಿಲೋ. ಮೂರು ಯೂನಿಟ್ ಬ್ಯಾಟರಿಯ ಸ್ಕೂಟರುಗಳಾದರೆ ಅದರಲ್ಲೇ ಇಪ್ಪತ್ತೇಳು ಆಗುತ್ತವೆ. ಎಲೆಕ್ಟ್ರಿಕ್ ಆಟೋಗಳಾದರೆ ಹತ್ತು.

ಈ ಲೆಕ್ಕ ಮಾಡಿದ್ದು ಮಸ್ಕಿಯಲ್ಲಿ, ಅಶೋಕನ ಶಾಸನದ ಬಂಡೆಯ ಹತ್ತಿರ ಕೂತು. ಬಾಕಿ ಕೊಡಬೇಕಾದವರು ಊರಲ್ಲಿಲ್ಲದ ದಿನ ನಾನು ಅಲ್ಲಿಗೆ ಹೋಗಿ ಕೂರುವುದುಂಟು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಆ ಬಂಡೆಯ ಮೇಲಿನ ಬರಹವನ್ನು ಕಂಡ. ದೇವಾನಾಂಪ್ರಿಯ ಎಂದು ಕರೆಸಿಕೊಂಡ ರಾಜ ಯಾರು ಎಂದು ವಿದ್ವಾಂಸರು ಎಷ್ಟೋ ವರ್ಷ ಚರ್ಚಿಸುತ್ತಿದ್ದರು. ಆತನ ಹೆಸರು ಅಶೋಕ ಎಂದು ಶಾಸನವೇ ಹೇಳಿದ್ದು ಮೊದಲು ಇಲ್ಲಿ ಸಿಕ್ಕಿತು. ಆಮೇಲೆ ಸಿಂಧನೂರಿನ ಆಚೆಗೆ, ಸಿರುಗುಪ್ಪ ಕಡೆಯ ನಿಟ್ಟೂರು ಮತ್ತು ಉದೇಗೋಳಂಗಳಲ್ಲೂ ಆ ಹೆಸರು ಸಿಕ್ಕಿದೆ. ಚಿನ್ನ ಹುಡುಕುವ ಕೆಲಸದವನ ಕಣ್ಣಿಗೆ ಧರ್ಮದ ಮಾತು ಬಿದ್ದದ್ದನ್ನು ನೆನೆದರೆ ಪ್ರತಿ ಸಲವೂ ನನಗೆ ಮೈ ಜುಮ್ಮೆನ್ನುತ್ತದೆ.

ಶಾಸನದ ತಾತ್ಪರ್ಯ ನನ್ನ ಮಾತಿನಲ್ಲಿ ಹೀಗಿದೆ: ಧರ್ಮದಿಂದ ಸಿಗುವ ಮೇಲ್ಮಟ್ಟವನ್ನು ದೊಡ್ಡವರು ಮಾತ್ರ ಮುಟ್ಟಬಲ್ಲರು ಎಂದುಕೊಳ್ಳಬಾರದು, ಸಣ್ಣವನೂ ಮುಟ್ಟಬಲ್ಲ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ. ಸಾಮ್ರಾಟನೊಬ್ಬ ಪಾಟಲಿಪುತ್ರದಿಂದ ಇಷ್ಟು ದೂರದ ಬಂಡೆಯ ಮೇಲೆ ಬರೆಸಿದ್ದು ಇದನ್ನೇ. ಹೊಗೆಯಿಲ್ಲದ ಓಡಾಟವನ್ನು ಇವತ್ತಿನ ಒಂದು ಧರ್ಮ ಎಂದು ಒಪ್ಪುವುದಾದರೆ ಆ ಧರ್ಮ ಐವತ್ತು ಲಕ್ಷ ಇದ್ದವನಿಗೆ ಮಾತ್ರ ಸಿಗುವಂತೆ ಇರಬಾರದು. ಮಸ್ಕಿಯಲ್ಲಿ ಶಾಲೆಗೆ ಹೋಗುವ ಮೇಷ್ಟ್ರಮ್ಮನ ಸ್ಕೂಟರಿಗೆ, ಹಳ್ಳಿಯಿಂದ ಬಾಣಂತಿಯನ್ನು ಕರೆತರುವ ಆಟೋಕ್ಕೆ ಆ ಎಂಟು ಕಿಲೋದಲ್ಲಿ ಪಾಲು ಇದೆ. ನನ್ನ ಗಂಟಿನಲ್ಲಿ ಇಪ್ಪತ್ತೇಳು ಮನೆಗಳ ಅಕ್ಕಿ ಇರುವಂತೆ ಆಯಿತು.

ಇದಕ್ಕೆ ಮಗಳ ಹತ್ತಿರ ಗಟ್ಟಿಯಾದ ಉತ್ತರವಿತ್ತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ದುಡ್ಡಿದ್ದವರು ಮೊದಲು ದುಬಾರಿ ಗಾಡಿ ಕೊಂಡದ್ದರಿಂದಲೇ ಬ್ಯಾಟರಿ ಅಗ್ಗವಾಯಿತು, ಅಗ್ಗವಾದದ್ದರಿಂದಲೇ ಮೇಷ್ಟ್ರಮ್ಮನಿಗೆ ಸ್ಕೂಟರು ಬಂತು ಎಂದಳು. 2010ರಲ್ಲಿ ಒಂದು ಯೂನಿಟ್ ಬ್ಯಾಟರಿಗೆ ಸಾವಿರ ಡಾಲರಿನ ಮೇಲಿದ್ದ ಬೆಲೆ 2024ಕ್ಕೆ 115 ಡಾಲರಿಗೆ ಇಳಿದಿದೆ. ಸಣ್ಣದರಿಂದಲೇ ಶುರುಮಾಡಿದವರು ನಮ್ಮ ಬೆಂಗಳೂರಿನವರು. ಚೇತನ್ ಮೈನಿ ಅವರ ರೇವಾ ಕಾರು 2001ರಲ್ಲೇ ರಸ್ತೆಗಿಳಿಯಿತು. ಇಬ್ಬರು ದೊಡ್ಡವರು ಕೂರುವ ಪುಟ್ಟ ಕಾರು. ಆ ಕಾಲಕ್ಕೆ ಕೊಂಡವರು ಸ್ವಲ್ಪವೇ ಜನ, 2010ರಲ್ಲಿ ಕಂಪನಿ ಮಹೀಂದ್ರದವರ ಕೈಗೆ ಹೋಯಿತು. ಸಣ್ಣದು ಒಳ್ಳೆಯದು ಎಂದ ಮಾತ್ರಕ್ಕೆ ಅದು ಗೆಲ್ಲುವುದಿಲ್ಲ ಎಂಬುದು ನಿಜ. ಆದರೆ ದಾರಿ ಮಾಡುವ ಆ ಕೆಲಸ ಈಗ ಮುಗಿದಿದೆ. 2026ರಲ್ಲಿ ನಾನು ಕೊಂಡರೆ ಅದು ಯಾರಿಗೂ ದಾರಿ ಮಾಡಿಕೊಡುವುದಿಲ್ಲ, ಮಾಡಿದ ದಾರಿಯಲ್ಲಿ ಸುಖವಾಗಿ ಓಡಾಡುತ್ತದೆ.

ಇಷ್ಟು ಹೊತ್ತಿಗೆ ಬೇಡ ಎಂದೇ ನಿರ್ಧರಿಸಿದ್ದೆ. ಒಂದು ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ. ಲಕ್ಕಮ್ಮನ ಕಥೆಯನ್ನೂ ಹೇಳಿದೆ. ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಲಕ್ಕಮ್ಮ ತನ್ನ ಗಂಡಗ ಹೇಳಿದ್ಲು. ನೀವು ನನಗ ಹೇಳಾಕ ಹತ್ತೀರಿ. ದಮ್ಮು ಇರೋದು ನನಗ್ರಿ."

ಆಕೆ ಮುಂದೆ ಏನೂ ಮಾತಾಡಲಿಲ್ಲ. ನಾನೂ ಉಣ್ಣಲಿಲ್ಲ.

ಆ ಒಂದು ಮಾತು ಎಲ್ಲವನ್ನೂ ತಿರುವಿ ಹಾಕಿತು. ಲಕ್ಕಮ್ಮ ಪಕ್ಕದ ಮನೆಯವರ ಅಕ್ಕಿಯನ್ನು ಅಳೆಯಲು ಹೋಗಲಿಲ್ಲ. ಆಕೆಯ ಪ್ರಶ್ನೆ ತನ್ನ ಮನೆಯ ಒಲೆಯ ಮುಂದೆ, ತಾನೇ ಹಸಿಯಬೇಕಾದ ಹೊಟ್ಟೆಯ ಮುಂದೆ ಹುಟ್ಟಿದ್ದು. ಸಾಕು ಎನ್ನುವ ಮಾತನ್ನು ತನಗೆ ಹೇಳಿಕೊಳ್ಳುವುದು ಒಂದು, ಇನ್ನೊಬ್ಬರಿಗೆ ಹೇಳುವುದು ಇನ್ನೊಂದು. ನನ್ನ ತ್ಯಾಗದ ಬೆಲೆಯನ್ನು ಆಕೆಯ ಎದೆಗೂಡು ಕೊಡುವುದಾದರೆ ಅದು ತ್ಯಾಗ ಹೇಗಾದೀತು?

ಆಮೇಲೆ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆಯನ್ನು ಕೇಳಿಕೊಂಡೆ. ಆಕೆಗೆ ದಮ್ಮು ಬಂದದ್ದು ಎಲ್ಲಿಂದ? ಡೀಸೆಲ್ ಗಾಡಿಯಿಂದ ಅಲ್ಲ. ಮದುವೆಯಾದ ಮೇಲೆ ಹದಿನೆಂಟು ವರ್ಷ ನಮ್ಮ ಮನೆ ಇದ್ದದ್ದು ಗಿರಣಿಯ ಕಾಂಪೌಂಡಿನೊಳಗೆ. ಭತ್ತ ಸುರಿಯುವಾಗ ಏಳುವ ಧೂಳು, ಹೊಟ್ಟು ಹಾರುವಾಗ ಬರುವ ಸಣ್ಣ ನವುರು, ಬಾಯ್ಲರಿಗೆ ಹೊಟ್ಟು ಹಾಕಿ ಸುಟ್ಟಾಗ ಬೀಳುವ ಕರಿ ಬೂದಿ. ಒಣಹಾಕಿದ ಸೀರೆಯ ಮೇಲೆ ಆ ಬೂದಿ ಕೂತಿರುತ್ತಿತ್ತು. ಆಕೆ ಅದನ್ನು ಝಾಡಿಸಿ ಉಡುತ್ತಿದ್ದಳು. ವೈದ್ಯರು ಜಾಗ ಬದಲಿಸಿ ಎಂದ ಮೇಲೆ ಊರ ಹೊರಗೆ ಹೊಸ ಮನೆ ಕಟ್ಟಿ ಬಂದೆವು. ಗಿರಣಿ ಅಲ್ಲೇ ಉಳಿಯಿತು. ಧೂಳೂ ಅಲ್ಲೇ ಉಳಿಯಿತು. ಅಲ್ಲಿ ಹಮಾಲರಿದ್ದಾರೆ, ಹತ್ತಿರದ ಓಣಿಯಲ್ಲಿ ಮಕ್ಕಳಿದ್ದಾರೆ.

ಶಕ್ತಿನಗರದ ಚಿಮಣಿಯ ಬೂದಿಯನ್ನು ಕಿಲೋ ಲೆಕ್ಕದಲ್ಲಿ ಅಳೆದವನು ನಾನು. ನನ್ನದೇ ಚಿಮಣಿ ನನ್ನ ಖಾತೆ ಪುಸ್ತಕದ ಎರಡೂ ಕಡೆ ಇರಲಿಲ್ಲ.

ನಮ್ಮ ಗಿರಣಿಯಲ್ಲಿ ಕಸ ಗುಡಿಸುವ ಒಬ್ಬ ಅಜ್ಜಿ ಇದ್ದಾಳೆ. ಲಾರಿಗೆ ಚೀಲ ಹೇರುವಲ್ಲಿ ಚೆಲ್ಲಿದ ಅಕ್ಕಿ ನುಚ್ಚು ಎಲ್ಲ ಆಕೆಗೆ ಸೇರುತ್ತದೆ. ನಮ್ಮ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಹೆಂಡತಿಯ ಮಾತಿನ ಮರುದಿನ ಸಂಜೆ ಆ ಅಜ್ಜಿಯನ್ನು ನೋಡುತ್ತ ನಿಂತೆ. ಒಂದು ಚೀಲ ಹರಿದು ಹತ್ತು ಕಿಲೋದಷ್ಟು ಚೆಲ್ಲಿತ್ತು. ಆಕೆ ಅಷ್ಟನ್ನೂ ಗುಡಿಸಿ ಮೊರದಲ್ಲಿ ಕೇರಿ ಸೆರಗಿಗೆ, ಆಮೇಲೆ ಒಂದು ಹಳೆಯ ಚೀಲಕ್ಕೆ ತುಂಬಿಕೊಂಡಳು. ಒಂದು ಕಾಳನ್ನೂ ಬಿಡಲಿಲ್ಲ. ಬಿಡಬೇಕಾದ್ದೂ ಇಲ್ಲ. ಆಕೆಯ ಮನೆಯಲ್ಲಿ ಉಣ್ಣುವ ಬಾಯಿ ಐದು. ಆಕೆಗೆ ಲಕ್ಕಮ್ಮನ ಕಥೆ ಹೇಳಲು ಹೋದರೆ ನನ್ನ ನಾಲಿಗೆ ಬಿದ್ದುಹೋಗಬೇಕು. ಗುಡಿಸುವಾಗ ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದಳು, ನಡುನಡುವೆ ಕೆಮ್ಮುತ್ತಿದ್ದಳು. ಆ ಕೆಮ್ಮು ನಾನು ಒಂಬತ್ತು ವರ್ಷದಿಂದ ಮನೆಯಲ್ಲಿ ಕೇಳುತ್ತಿರುವ ಕೆಮ್ಮು.

ಹೆಚ್ಚಾದ ಅಕ್ಕಿಯನ್ನು ಲಕ್ಕಮ್ಮ ಗುಡಿಗೆ ಕೊಡು ಅನ್ನಲಿಲ್ಲ, ಮಠಕ್ಕೆ ಕೊಡು ಅನ್ನಲಿಲ್ಲ. ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ಕಥೆಯ ಈ ಭಾಗವನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ನನ್ನ ಹೆಚ್ಚಿನ ಗಂಟು ಎಲ್ಲಿಂದ ಬಂದದ್ದು? ಗಿರಣಿಯ ಅಂಗಳದಿಂದ. ಅದರಾಚೆಗೆ ಕಾಲುವೆಯಿಂದ. ನಮ್ಮ ಅಪ್ಪನ ಚಿಕ್ಕಂದಿನಲ್ಲಿ ಈ ಸೀಮೆಯಲ್ಲಿ ಜೋಳ, ಸಜ್ಜೆ, ನವಣೆ. ಅನ್ನ ಹಬ್ಬದ ಊಟ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಬಂದ ಮೇಲೆ ಭತ್ತ ಬಂತು, ಗಿರಣಿಗಳು ಬಂದವು, ನಾವು ಮನುಷ್ಯರಾದೆವು. ಆ ಕಾಲುವೆಯನ್ನು ಯೋಜಿಸಿದ್ದು ಕಡಿಮೆ ನೀರು ಬೇಡುವ ಬೆಳೆಗಳಿಗೆ, ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಲಿ ಎಂದು. ಮೇಲ್ಭಾಗದವರು ನಾವೆಲ್ಲ ಭತ್ತಕ್ಕೆ ಬಿದ್ದೆವು. ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರು ಪ್ರತಿ ವರ್ಷ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ನನ್ನ ಗಿರಣಿಗೆ ಬಂದ ಪ್ರತಿ ಚೀಲ ಭತ್ತದಲ್ಲಿ ಅವರ ಹೊಲಕ್ಕೆ ಹೋಗದ ನೀರು ಇದೆ. ಆ ನೀರನ್ನು ತಿರುಗಿಸಿ ಸುರಿಯುವುದು ನನ್ನ ಕೈಯಲ್ಲಿಲ್ಲ. ಧೂಳು ನನ್ನ ಕೈಯಲ್ಲಿದೆ.

ಭತ್ತ ಸುರಿಯುವಲ್ಲಿ, ಹೊಟ್ಟು ಬೇರೆಯಾಗುವಲ್ಲಿ, ಎಲಿವೇಟರಿನ ತುದಿಯಲ್ಲಿ ಧೂಳು ಹೀರುವ ಕೊಳವೆಗಳು, ಸೈಕ್ಲೋನು, ಬ್ಯಾಗ್ ಫಿಲ್ಟರು, ಬಾಯ್ಲರಿನ ಚಿಮಣಿಗೆ ಬೂದಿ ಹಿಡಿಯುವ ಏರ್ಪಾಡು. ಇಷ್ಟಕ್ಕೆ ಎಷ್ಟಾಗುತ್ತದೆ ಎಂದು ಯಂತ್ರದವರನ್ನು ಕರೆಸಿ ಕೇಳಿದೆ. ಅವರು ಕೊಟ್ಟ ಅಂದಾಜು ಆ ಕಾರಿನ ಬೆಲೆಯ ಅರ್ಧವನ್ನೂ ಮುಟ್ಟಲಿಲ್ಲ. ಹತ್ತು ವರ್ಷದಿಂದ ಇದು ನನಗೆ ಗೊತ್ತಾಗಬಹುದಿತ್ತು. ಕೇಳಿರಲಿಲ್ಲ.

ಕೆಲಸಕ್ಕೆ ಗಿರಣಿ ಎರಡು ತಿಂಗಳಾದರೂ ನಿಲ್ಲಬೇಕು ಎಂದರು. ಬೇರೆ ವರ್ಷವಾಗಿದ್ದರೆ ನಾನು ಹಿಂದೆಮುಂದೆ ನೋಡುತ್ತಿದ್ದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋದದ್ದು ನೆನಪಿರಬಹುದು. ಹಳೆಯ ಗೇಟುಗಳನ್ನೆಲ್ಲ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು 2025ರ ಕೊನೆಯಲ್ಲಿ ತೀರ್ಮಾನವಾಯಿತು. ಬೇಸಿಗೆ ಭತ್ತ ಇಲ್ಲದ ಮೇಲೆ ಗಿರಣಿ ಹೇಗೂ ನಿಲ್ಲುತ್ತದೆ.

ಕಾರಿನ ವಿಷಯ ಹೆಂಡತಿಗೇ ಬಿಟ್ಟಿದ್ದೇನೆ. ಅದೇ ಸೆಡಾನ್ ಬೇಕೆಂದರೆ ಅದು, ಸಣ್ಣ ಎಲೆಕ್ಟ್ರಿಕ್ ಕಾರು ಸಾಕೆಂದರೆ ಅದು. ಆ ಅಳತೆ ಆಕೆಯದು. ಗಿರಣಿಯ ಕೆಲಸ ಮುಗಿಯಲಿ, ಒಂದು ಸಲ ಒಳಗೆ ಬಂದು ನಿಂತು ಉಸಿರಾಡಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದಿದ್ದಾಳೆ. ಮನೆ ಬದಲಿಸಿದಂದಿನಿಂದ ಆಕೆ ಆ ಗೇಟಿನೊಳಗೆ ಕಾಲಿಟ್ಟಿಲ್ಲ.

ಮೊನ್ನೆ ಸಂಜೆ ಎರಡು ತಿಂಗಳು ಗಿರಣಿ ಬಂದ್ ಎಂದು ಎಲ್ಲರಿಗೂ ಹೇಳಿದೆ. ಹಮಾಲರು ತಲೆಯಾಡಿಸಿದರು, ಅವರಿಗೆ ಬೇರೆ ಕಡೆ ಕೆಲಸವಿದೆ. ಅಜ್ಜಿ ಕಸಬರಿಗೆ ಹಿಡಿದು ಹಾಗೇ ನಿಂತಿದ್ದಳು.

"ಗಿರಣಿ ನಿಂತ್ರ ಅಕ್ಕಿ ಬೀಳಂಗಿಲ್ಲಲ್ರಿ ಸಾವ್ಕಾರ್ರೆ. ನಾನೇನ್ ಆರಿಸ್ಲಿ?"

ಒಳಗೆ ಬಂದು ಖಾತೆ ಪುಸ್ತಕ ತೆಗೆದೆ. ಕಾರಿನ ಲೆಕ್ಕ ಬರೆದಿದ್ದ ಅದೇ ಪುಟದ ಬಲಗಡೆ ಇನ್ನೂ ಜಾಗವಿತ್ತು. ಆಕೆಯ ಎರಡು ತಿಂಗಳ ಕೂಲಿ, ಜತೆಗೆ ಎರಡು ತಿಂಗಳ ಅಕ್ಕಿ ಎಂದು ಬರೆದು ಎಷ್ಟು ಕಿಲೋ ಎಂದು ತಿಳಿಯದೆ ಹೊರಗೆ ಹೋಗಿ ಆಕೆಯನ್ನೇ ಕೇಳಿದೆ.